ಸೊನ್ನೆ ಎಂದು ತೋರಿಸಿದ ಪುಸ್ತಕಗಳು

ಮೂರು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ, ಗ್ರಂಥಾಲಯದ ಮುದ್ರಣ ಯಂತ್ರದಿಂದ ನಲವತ್ಮೂರು ಪುಟಗಳ ಒಂದು ಪಟ್ಟಿ ಹೊರಬಂತು. ಪ್ರತಿ ಸಾಲಿನಲ್ಲೂ ಒಂದು ಪುಸ್ತಕ, ಅದರ ದಾಖಲಾತಿ ಸಂಖ್ಯೆ, ಶೀರ್ಷಿಕೆ, ಬೆಲೆ. ಕೊನೆಯ ಅಂಕಣದ ಹೆಸರು 'ಎರವಲು'. ಆ ಅಂಕಣದಲ್ಲಿ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಇದ್ದದ್ದು ಒಂದೇ ಅಂಕಿ, ಸೊನ್ನೆ.

ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದ ಪದವಿ ಕಾಲೇಜಿನಲ್ಲಿ ನಾನು ಗ್ರಂಥಪಾಲಕಿ. ಈ ಕೆಲಸಕ್ಕೆ ಬಂದು ಇಪ್ಪತ್ತೊಂದು ವರ್ಷಗಳಾದವು. ನಮ್ಮಲ್ಲಿರುವ ಪುಸ್ತಕಗಳು ಇಪ್ಪತ್ತೆರಡು ಸಾವಿರದಷ್ಟು. ಕಪಾಟುಗಳಲ್ಲಿ ಅಷ್ಟಕ್ಕೆ ಜಾಗವಿಲ್ಲ. ಉಳಿದವನ್ನು ಹಲಗೆಗಳ ಮೇಲೆ ಕಟ್ಟು ಕಟ್ಟಿ ಇಟ್ಟಿದ್ದೆವು. ಮಳೆಗಾಲದಲ್ಲಿ ನೆಲವೇ ಬೆವರುವ ಊರಿದು. ಕೆಳಗಿನ ಕಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ, ಗೋಡೆಯ ಬದಿಯಿಂದ ಗೆದ್ದಲು ಬರುತ್ತದೆ. ಆ ವರ್ಷ ಗ್ರಂಥಾಲಯ ಸಮಿತಿಯಲ್ಲಿ ಒಂದು ತೀರ್ಮಾನವಾಯಿತು: ಹತ್ತು ವರ್ಷಗಳಿಂದ ಯಾರೂ ಒಯ್ಯದ ಪುಸ್ತಕಗಳನ್ನು ತೆಗೆದುಹಾಕಿ ಜಾಗ ಮಾಡಿಕೊಳ್ಳಬೇಕು. ಕೇಳಿದಾಗ ನನಗೂ ನ್ಯಾಯವೆಂದೇ ತೋರಿತು. ಲೆಕ್ಕ ಕಣ್ಣ ಮುಂದಿದೆ, ವಾದಕ್ಕೆ ಏನು ಉಳಿಯಿತು ಎಂದುಕೊಂಡೆ.

ಪಟ್ಟಿಯನ್ನು ನೇರವಾಗಿ ಸಮಿತಿಗೆ ಕೊಡಬಹುದಿತ್ತು. ಕೊಡಲಿಲ್ಲ. ಒಂದು ಪೆನ್ಸಿಲ್ ಹಿಡಿದು ಕಪಾಟಿನ ಬಳಿ ಹೋದೆ. ಅಂದು ಕೈಗೆ ಬಂದ ಪುಸ್ತಕದಿಂದಲೇ ಈ ಬರಹ ಹುಟ್ಟಿದ್ದು.

ಅದು ಅಡಿಕೆಯ ರೋಗಗಳ ಕುರಿತ ತೆಳು ಪುಸ್ತಕ. ಬೆನ್ನಿನ ಬಟ್ಟೆ ಕಿತ್ತುಹೋಗಿತ್ತು. ಪಟ್ಟಿಯ ಪ್ರಕಾರ ಅದನ್ನು ಯಾರೂ ಒಮ್ಮೆಯೂ ಒಯ್ದಿಲ್ಲ. ಕೊನೆಯ ಹಾಳೆ ತಿರುವಿದೆ. ಅಲ್ಲಿ ಅಂಟಿಸಿದ್ದ ದಿನಾಂಕ ಚೀಟಿ ಚಹದ ಬಣ್ಣಕ್ಕೆ ತಿರುಗಿತ್ತು. ನೇರಳೆ ಶಾಯಿಯ ಮುದ್ರೆಗಳು ಒಂದರ ಕೆಳಗೊಂದು: 28 ಜೂನ್ 1989. 13 ಜುಲೈ 1989. 25 ಜೂನ್ 1990. 2 ಜುಲೈ 1991. 6 ಆಗಸ್ಟ್ 1992. ಒಂದು ಚೀಟಿ ತುಂಬಿ ಅದರ ಮೇಲೆ ಇನ್ನೊಂದನ್ನು ಅಂಟಿಸಿದ್ದರು, ಅದೂ ಮುಕ್ಕಾಲು ತುಂಬಿತ್ತು. ಕೊನೆಯ ಮುದ್ರೆ 2011ರ ಜುಲೈ ತಿಂಗಳದು. ಡಿಸೆಂಬರ್, ಜನವರಿ, ಫೆಬ್ರವರಿಯ ಒಂದೇ ಒಂದು ಮುದ್ರೆಯೂ ಇರಲಿಲ್ಲ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜೂನ್ ಎಂದರೆ ಮಳೆ, ಮಳೆ ಎಂದರೆ ಅಡಿಕೆ ಗೊನೆಗೆ ಕೊಳೆರೋಗದ ಭಯ. ಮಳೆ ಹಿಡಿಯುವ ಹೊತ್ತಿಗೆ ಒಮ್ಮೆ ಬೋರ್ಡೋ ದ್ರಾವಣ ಹೊಡೆಯಬೇಕು, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಆ ಅಳತೆ ಇದ್ದ ಪುಟದ ಅಂಚಿನಲ್ಲಿ ಹೆಬ್ಬೆಟ್ಟಿನ ಗಾತ್ರದ ನೀಲಿ ಕಲೆಯೊಂದಿತ್ತು. ಮೈಲುತುತ್ತದ ಕಲೆ. ವಿದ್ಯಾರ್ಥಿಯೊಬ್ಬ ತನ್ನ ಹೆಸರಿನಲ್ಲಿ ಪಡೆದು ಮನೆಗೆ ಒಯ್ದ ಪುಸ್ತಕ ತೋಟದಲ್ಲಿ, ಡ್ರಮ್ಮಿನ ಪಕ್ಕದಲ್ಲಿ ತೆರೆದುಕೊಂಡಿತ್ತು. ಇಪ್ಪತ್ತೆರಡು ವರ್ಷಗಳ ಕಾಲ ಊರಿನ ತೋಟಗಳಿಗೆ ಹೋಗಿಬಂದ ಪುಸ್ತಕದ ಎದುರು ನನ್ನ ಪಟ್ಟಿ ಸೊನ್ನೆ ಬರೆದಿತ್ತು.

ಏಕೆ ಹೀಗಾಯಿತೆಂದು ಹುಡುಕುತ್ತ ಹೋದೆ. ಕಾರಣ ಎರಡು, ಎರಡೂ ನಮ್ಮವೇ.

ಮೊದಲನೆಯದು, ನಾವು ಗಣಕೀಕರಣ ಮಾಡಿದ್ದು 2012ರಲ್ಲಿ. ಕೋಹಾ ಎಂಬ ತಂತ್ರಾಂಶ ಬಳಸುತ್ತೇವೆ. ನ್ಯೂಜಿಲೆಂಡಿನ ಒಂದು ಸಾರ್ವಜನಿಕ ಗ್ರಂಥಾಲಯಕ್ಕಾಗಿ 1999ರಲ್ಲಿ ಸಿದ್ಧವಾದದ್ದು, ಯಾರು ಬೇಕಾದರೂ ಉಚಿತವಾಗಿ ಬಳಸಬಹುದು. ಹೆಸರಿಗೆ ಮಾವೊರಿ ಭಾಷೆಯಲ್ಲಿ ಉಡುಗೊರೆ ಎಂಬ ಅರ್ಥ. ಎರವಲೇ ಹೋಗದ ಪುಸ್ತಕಗಳ ಪಟ್ಟಿಯನ್ನು ಒಂದು ಗುಂಡಿ ಒತ್ತಿದರೆ ಅದು ಕೊಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಬಾರ್‌ಕೋಡ್ ಅಂಟಿಸಿದ ಮೇಲಿನ ಕಥೆ ಮಾತ್ರ. ಅದಕ್ಕೂ ಹಿಂದಿನ ಎರವಲು ಪುಸ್ತಕದ ಕಾರ್ಡಿನಲ್ಲಿ, ದಿನಾಂಕ ಚೀಟಿಯಲ್ಲಿ, ರಟ್ಟು ಹರಿದ ವಿತರಣಾ ರಿಜಿಸ್ಟರುಗಳಲ್ಲಿ ಉಳಿದುಬಿಟ್ಟಿತು. ಅದನ್ನು ಗಣಕಕ್ಕೆ ಸೇರಿಸಬೇಕೆಂದು ಆಗ ನಮಗೆ ಯಾರಿಗೂ ಹೊಳೆಯಲಿಲ್ಲ.

ಎರಡನೆಯದು ಹೆಚ್ಚು ನೋವಿನದು. 2012ರ ನಂತರವೂ ಆ ಪುಸ್ತಕ ಹೋಗಿರಲಿಲ್ಲ, ನಿಜ. ಮಳೆಯೂ ನಿಂತಿಲ್ಲ, ಕೊಳೆರೋಗವೂ ನಿಂತಿಲ್ಲ. ಹಾಗಾದರೆ? ವಿದ್ಯಾರ್ಥಿಗಳು ಪುಸ್ತಕ ಹುಡುಕುವ ಪರದೆಯ ಮುಂದೆ ನಾನೇ ಕುಳಿತು 'ಅಡಿಕೆ' ಎಂದು ಬೆರಳಚ್ಚಿಸಿದೆ. ಆ ಪುಸ್ತಕ ಬರಲಿಲ್ಲ. ದಾಖಲಾತಿ ಸಂಖ್ಯೆ ಕೊಟ್ಟು ಕರೆದಾಗ ಬಂತು. ಶೀರ್ಷಿಕೆ ಇರಬೇಕಾದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳೂ ಚುಕ್ಕೆ ಗೆರೆಗಳೂ ಕಲಸಿದ ಒಂದು ಸಾಲು. ಹಳೆಯ ಸೂಚಿಯನ್ನು ಯೂನಿಕೋಡ್ (ಎಲ್ಲ ಗಣಕಗಳೂ ಒಂದೇ ರೀತಿ ಓದುವ ಅಕ್ಷರ ಸಂಕೇತ) ಅಲ್ಲದ, 'ನುಡಿ' ಎಂಬ ತಂತ್ರಾಂಶದ ಅಕ್ಷರಗಳಲ್ಲಿ ಬೆರಳಚ್ಚಿಸಿದ್ದರು. ಆ ಫಾಂಟ್ ಇದ್ದ ಗಣಕದಲ್ಲಿ ಅದು ಚಂದದ ಕನ್ನಡವಾಗಿಯೇ ಕಾಣುತ್ತಿತ್ತು. ಯೂನಿಕೋಡಿಗೆ ಪರಿವರ್ತಿಸದೆ ಕೋಹಾಕ್ಕೆ ಸುರಿದಾಗ ಕನ್ನಡ ಮಾಯವಾಗಿ ಕೆಳಗಿದ್ದ ಸಂಕೇತಗಳಷ್ಟೇ ಉಳಿದವು. ಪುಸ್ತಕ ಕಪಾಟಿನಲ್ಲಿತ್ತು, ಹೆಸರು ಕಳೆದುಕೊಂಡಿತ್ತು.

ಆ ಸಂಜೆ ಮನೆಗೆ ಹೋಗುವಾಗ ಬಸ್ಸಿನಲ್ಲಿ ಇದೊಂದೇ ಯೋಚನೆ. ಪಟ್ಟಿಯಲ್ಲಿ ಇಂಥವು ಇನ್ನೆಷ್ಟು? ಮರುದಿನ ನಲವತ್ಮೂರು ಪುಟಗಳನ್ನೂ ಕಣ್ಣಾಡಿಸಿದೆ. ಕಲಸಿದ ಸಾಲುಗಳು ಪುಟಪುಟದಲ್ಲೂ ಇದ್ದವು. ಅದರ ಜೊತೆಗೆ ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡ ಶೀರ್ಷಿಕೆಗಳು. ಕಾಳು ಎಂಬ ಪದಕ್ಕೆ ಒಬ್ಬರು ಒಂದು 'ಎ' ಹಾಕಿದ್ದಾರೆ, ಇನ್ನೊಬ್ಬರು ಎರಡು. 'ಳ'ಕ್ಕೂ 'ಲ'ಕ್ಕೂ ಒಂದೇ ಅಕ್ಷರ. ಕನ್ನಡದಲ್ಲಿ ಹುಡುಕಿದವರಿಗೂ ಸಿಗದು, ಇಂಗ್ಲಿಷಿನಲ್ಲಿ ಹುಡುಕಿದವರಿಗೂ ಸಿಗದು. ಇಂಗ್ಲಿಷ್ ಪುಸ್ತಕಗಳಿಗೆ ಈ ಕಷ್ಟವೇ ಬಂದಿರಲಿಲ್ಲ. ಅಂದರೆ ಆ ಪಟ್ಟಿಯನ್ನು ನಂಬಿ ಕೈಹಾಕಿದ್ದರೆ ಕನ್ನಡದ ಕಾಲೇಜೊಂದರ ಗ್ರಂಥಾಲಯದಿಂದ ಕನ್ನಡದ ಪುಸ್ತಕಗಳೇ ಮೊದಲು ಹೊರಗೆ ಹೋಗುತ್ತಿದ್ದವು. ಲೆಕ್ಕದಲ್ಲಿ ಒಂದು ತಪ್ಪೂ ಇರುತ್ತಿರಲಿಲ್ಲ.

ನಮ್ಮ ವೃತ್ತಿಯವರಿಗೆ ಗ್ರಂಥಾಲಯ ವಿಜ್ಞಾನಿ ಎಸ್.ಆರ್. ರಂಗನಾಥನ್ ಅವರ ಪಂಚಸೂತ್ರಗಳು ಬಾಯಿಪಾಠ. 1931ರಲ್ಲಿ ಪ್ರಕಟವಾದವು. 1962ರಲ್ಲಿ ಬೆಂಗಳೂರಿನಲ್ಲಿ ಪ್ರಲೇಖನ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಆರಂಭಿಸಿ, ಕೊನೆಯವರೆಗೂ ಅದೇ ಊರಿನಲ್ಲಿದ್ದವರು ಅವರು. ಮೂರನೆಯ ಸೂತ್ರ ಹೇಳುವುದು ಇಷ್ಟು: ಪ್ರತಿ ಪುಸ್ತಕಕ್ಕೂ ಅದರ ಓದುಗ. ಪರೀಕ್ಷೆಗೆಂದು ಓದುವಾಗ ಇದೊಂದು ಹಾರೈಕೆಯಂತೆ ಕೇಳುತ್ತಿತ್ತು. ಕಪಾಟಿನ ಮುಂದೆ ಪಟ್ಟಿ ಹಿಡಿದು ನಿಂತಾಗ ಅದು ಗ್ರಂಥಪಾಲಕರಿಗೆ ಕೊಟ್ಟ ಕೆಲಸವೆಂದು ಅರ್ಥವಾಯಿತು. ಸೊನ್ನೆ ಕಂಡಾಗ ಮೊದಲು ಕೇಳಬೇಕಾದದ್ದು 'ಈ ಪುಸ್ತಕ ಬೇಕೇ' ಎಂದಲ್ಲ, 'ಇದನ್ನು ಓದುಗರಿಗೆ ತಲುಪಿಸಲು ನಾನು ಏನು ಮಾಡಿದೆ' ಎಂದು.

ಬೇಸಿಗೆ ರಜೆಯಲ್ಲಿ ನಾನೂ ನಮ್ಮ ಗ್ರಂಥಾಲಯ ಸಹಾಯಕರೂ ಪ್ರತಿ ಪುಸ್ತಕವನ್ನೂ ಕೈಗೆತ್ತಿಕೊಂಡು ನೋಡಿದೆವು. ಪೆನ್ಸಿಲಿನಲ್ಲಿ ಪಕ್ಕದಲ್ಲಿ ಒಂದೆರಡು ಪದ ಬರೆಯುತ್ತ ಹೋದೆವು. 'ಹೆಸರು ಕೆಟ್ಟಿದೆ.' 'ಮೇಲಿನ ಸಾಲು, ಕೈಗೆ ಎಟುಕದು.' 'ಒಳಗೇ ಓದುವ ಪುಸ್ತಕ.' 'ಕಾಣೆ.'

ಈ 'ಕಾಣೆ' ನನ್ನನ್ನು ಬಹಳ ಕಾಡಿತು. ಪಟ್ಟಿಯಲ್ಲಿ ಸೊನ್ನೆ, ಹುಡುಕಿದರೆ ಕಪಾಟಿನಲ್ಲಿ ಪುಸ್ತಕವೇ ಇಲ್ಲ. ಯಾರಿಗೂ ಬೇಡವಾದ ಪುಸ್ತಕ ಹೀಗೆ ಮಾಯವಾಗುವುದಿಲ್ಲ. ಕಾಣೆಯಾದವುಗಳಲ್ಲಿ ಹೆಚ್ಚಿನವು ಸ್ಪರ್ಧಾತ್ಮಕ ಪರೀಕ್ಷೆಯವು, ಕೆಲವು ಕವನ ಸಂಕಲನಗಳು. ಅವಕ್ಕೆ ಬೇಡಿಕೆ ಎಷ್ಟಿತ್ತೆಂದರೆ ಯಾರೋ ಒಬ್ಬರು ಹಿಂದಿರುಗಿಸುವ ಮನಸ್ಸೇ ಮಾಡಲಿಲ್ಲ. ಲೆಕ್ಕದಲ್ಲಿ ಅವು ಯಾರೂ ಮುಟ್ಟದ ಪುಸ್ತಕಗಳ ಜೊತೆ ಒಂದೇ ಸಾಲಿನಲ್ಲಿ ನಿಂತಿದ್ದವು. ಅವನ್ನು ಮತ್ತೆ ಕೊಳ್ಳಬೇಕಾದವುಗಳ ಪಟ್ಟಿಗೆ ಹಾಕಿದೆ.

'ಒಳಗೇ ಓದುವ ಪುಸ್ತಕ'ದ ವಿಷಯ ಬೇರೆಯೇ. ನಿಘಂಟಿನ ಎಂಟು ಸಂಪುಟಗಳನ್ನು ನಾವು ಯಾರಿಗೂ ಮನೆಗೆ ಕೊಡುವುದಿಲ್ಲ, ಹಾಗಾಗಿ ಅವು ಯಾವಾಗಲೂ ಸೊನ್ನೆಯೇ. ಬೆಳಿಗ್ಗೆ ಬಂದು ಸಂಜೆಯವರೆಗೆ ಕೂರುವ ಹುಡುಗ ಹುಡುಗಿಯರಿದ್ದಾರೆ. ಹತ್ತು ಪುಸ್ತಕ ತೆಗೆದು ಓದಿ, ಒಂದನ್ನೂ ಒಯ್ಯದೆ ಕೊನೆಯ ಬಸ್ಸಿಗೆ ಓಡುತ್ತಾರೆ. ಅವರ ಓದು ಎಲ್ಲಿಯೂ ದಾಖಲಾಗುತ್ತಿರಲಿಲ್ಲ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡಕ್ಕೆಂದು ಬಾಗಿಲಲ್ಲಿ ಎಷ್ಟು ಜನ ಬಂದರೆಂಬ ರಿಜಿಸ್ಟರ್ ಇಡುತ್ತೇವೆ. ಬಂದವರು ಏನು ಓದಿದರೆಂದು ಅದು ಹೇಳುವುದಿಲ್ಲ.

ಇದಕ್ಕೆ ದಾರಿ ಕೋಹಾದಲ್ಲಿಯೇ ಇತ್ತು, ನಾನು ಅಷ್ಟು ವರ್ಷ ನೋಡಿರಲಿಲ್ಲ. ಅಂಕಿಅಂಶಕ್ಕೆಂದೇ ಒಬ್ಬ ಸದಸ್ಯರನ್ನು ಸೃಷ್ಟಿಸಬಹುದು. ಆ ಸದಸ್ಯರ ಹೆಸರಿನಲ್ಲಿ ಪುಸ್ತಕವನ್ನು ಸ್ಕ್ಯಾನ್ ಮಾಡಿದರೆ ಅದು ಹೊರಗೆ ಹೋದಂತೆ ದಾಖಲಾಗುವುದಿಲ್ಲ, ಒಳಗೆ ಬಳಕೆಯಾದಂತೆ ದಾಖಲಾಗುತ್ತದೆ. 'ಓದಿದ ಪುಸ್ತಕವನ್ನು ಮೇಜಿನ ಮೇಲೆಯೇ ಬಿಡಿ, ಕಪಾಟಿಗೆ ಮರಳಿ ಇಡಬೇಡಿ' ಎಂಬ ಫಲಕ ತೂಗುಹಾಕಿದೆವು. ಸಂಜೆ ಐದು ಗಂಟೆಗೆ ಮೇಜುಗಳ ಮೇಲಿದ್ದದ್ದನ್ನೆಲ್ಲ ತಳ್ಳುಗಾಡಿಯಲ್ಲಿ ತಂದು ಒಂದೊಂದನ್ನೇ ಸ್ಕ್ಯಾನ್ ಮಾಡುತ್ತೇವೆ. ಕಾಲು ಗಂಟೆಯ ಕೆಲಸ. ಮೊದಲ ವರ್ಷ ಮುಗಿದಾಗ ಎರಡು ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದೆ. ಭೂಪಟಗಳು, ಗೆಜೆಟಿಯರುಗಳು, ಕಾನೂನಿನ ಪುಸ್ತಕಗಳು, ಜಿಲ್ಲೆಯ ಶಾಸನ ಸಂಪುಟ ಎರವಲಿನಲ್ಲಿ ಸೊನ್ನೆ, ಮೇಜಿನ ಮೇಲೆ ಮಾತ್ರ ಮತ್ತೆ ಮತ್ತೆ.

ಇದು ನಮ್ಮ ಕಾಲೇಜಿನ ಗೋಳಷ್ಟೇ ಅಲ್ಲ. ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ನಡೆದ ಒಂದು ಅಧ್ಯಯನ 1979ರಲ್ಲಿ ಪ್ರಕಟವಾಯಿತು. 1969ರಲ್ಲಿ ಅವರ ಗ್ರಂಥಾಲಯಕ್ಕೆ ಬಂದ ಪುಸ್ತಕಗಳಲ್ಲಿ ಸುಮಾರು ಶೇ 40ರಷ್ಟು ಮೊದಲ ಆರು ವರ್ಷಗಳಲ್ಲಿ ಒಮ್ಮೆಯೂ ಎರವಲು ಹೋಗಿರಲಿಲ್ಲ ಎಂದು ಅದು ತೋರಿಸಿತು. ದೊಡ್ಡ ಗದ್ದಲವೇ ಆಯಿತು. ಒಳಗೆ ಕುಳಿತು ಓದಿದ್ದನ್ನು ಎಷ್ಟರಮಟ್ಟಿಗೆ ಲೆಕ್ಕಕ್ಕೆ ಹಿಡಿದಿರಿ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತು.

ನಮ್ಮ ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಒಂದು ಸಣ್ಣ ಮಾತಿದೆ, ಅದು ನನಗೆ ತುಂಬ ಹಿಡಿಸಿದೆ. 2017ರ ನಿಯಮಾವಳಿಯ 215ನೆಯ ನಿಯಮ. ವರ್ಷದಲ್ಲಿ ಎರವಲು ಕೊಟ್ಟ ಅಥವಾ ಪರಾಮರ್ಶಿಸಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಪುಸ್ತಕ ಕಳೆದುಹೋದರೆ, ಅದರಲ್ಲಿ ಅಪ್ರಾಮಾಣಿಕತೆ ಅಥವಾ ನಿರ್ಲಕ್ಷ್ಯ ಇಲ್ಲದಿದ್ದರೆ, ಅದನ್ನು ಸಹಜ ನಷ್ಟವೆಂದು ಒಪ್ಪಬಹುದು ಎನ್ನುತ್ತದೆ. ಕಪಾಟಿನಲ್ಲಿರುವ ಪುಸ್ತಕಗಳ ಸಂಖ್ಯೆಗೆ ಅಲ್ಲ, ಬಳಕೆಯಾದ ಪುಸ್ತಕಗಳ ಸಂಖ್ಯೆಗೆ ನಷ್ಟವನ್ನು ಗಂಟು ಹಾಕಿದ್ದಾರೆ. 'ಪರಾಮರ್ಶಿಸಿದ' ಎಂಬ ಪದವನ್ನೂ ಸೇರಿಸಿದ್ದಾರೆ. ಪುಸ್ತಕ ಕೊಟ್ಟರೆ ಕಳೆಯುತ್ತದೆ, ಲೆಕ್ಕ ಪರಿಶೋಧಕರು ಕೇಳುತ್ತಾರೆ ಎಂದು ಹೆದರಿ ಗಾಜಿನ ಬೀರುವಿಗೆ ಬೀಗ ಹಾಕುವ ಎಷ್ಟೋ ಗ್ರಂಥಾಲಯಗಳನ್ನು ಕಂಡಿದ್ದೇನೆ. ಅವರೆಲ್ಲ ಈ ನಿಯಮವನ್ನು ಒಮ್ಮೆ ಓದಬೇಕು.

ಹಾಗೆಂದು ಏನನ್ನೂ ತೆಗೆಯಬಾರದು ಎಂದು ನಾನು ಹೇಳುತ್ತಿಲ್ಲ. ತೆಗೆದಿದ್ದೇವೆ, ದೃಢ ಮನಸ್ಸಿನಿಂದಲೇ ತೆಗೆದಿದ್ದೇವೆ. ಡಾಸ್ ಎಂಬ ಹಳೆಯ ಗಣಕ ವ್ಯವಸ್ಥೆ ಕಲಿಸುವ ಪುಸ್ತಕಗಳು, ಇಪ್ಪತ್ತು ವರ್ಷ ಹಳೆಯ ಆದಾಯ ತೆರಿಗೆ ಕೈಪಿಡಿಗಳು, ರದ್ದಾದ ಪಠ್ಯಕ್ರಮದ ಗೈಡುಗಳು. ಹಳೆಯ ತೆರಿಗೆ ದರವನ್ನು ನಂಬಿ ಒಬ್ಬ ವಿದ್ಯಾರ್ಥಿ ಉತ್ತರ ಬರೆದರೆ ಅದು ಪುಸ್ತಕದ ತಪ್ಪಲ್ಲ, ಅದನ್ನು ಕಪಾಟಿನಲ್ಲಿ ಉಳಿಸಿದ ನನ್ನ ತಪ್ಪು. ಇಂಗ್ಲಿಷಿನವರು ಈ ಕೆಲಸಕ್ಕೆ ಬಳಸುವ ಪದವೂ ಕಳೆ ಕೀಳುವುದು ಎಂದೇ. ಗದ್ದೆಯಲ್ಲಿ ಭತ್ತದ ಸಸಿಯ ಹಾಗೆಯೇ ಕಾಣುವ ಹುಲ್ಲೊಂದಿದೆ, ನನ್ನ ಅಮ್ಮ ಅದನ್ನು ಬುಡದ ಬಣ್ಣ ನೋಡಿ ಕೀಳುತ್ತಿದ್ದಳು, ಬಗ್ಗದೆ ನಿಂತಲ್ಲಿಂದ ಎಂದೂ ಕೀಳುತ್ತಿರಲಿಲ್ಲ.

ಪಠ್ಯಪುಸ್ತಕಗಳ ಅಂಕಿಗಳಲ್ಲಿ ಮಾತ್ರ ಸೊನ್ನೆ ಬೇರೊಂದು ರೀತಿಯಲ್ಲಿ ಬರುತ್ತದೆ. ಕರ್ನಾಟಕದಲ್ಲಿ 2021-22ರಲ್ಲಿ ಪದವಿ ತರಗತಿಗಳಿಗೆ ಹೊಸ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು, 2024-25ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿದೆವು. ನಡುವೆ ಕೊಂಡ ಪ್ರತಿಗಳ ಎರವಲಿನ ಗೆರೆಯನ್ನು ನೋಡಿದರೆ ಏರಿ ಏರಿ ಒಮ್ಮೆಲೇ ಪಾತಾಳಕ್ಕೆ ಇಳಿದಿದೆ. ಪುಸ್ತಕ ಹಾಗೆಯೇ ಇದೆ, ಅದರ ಅಗತ್ಯವನ್ನು ಬೇರೆಲ್ಲೋ ಬದಲಿಸಿದರು. ಅಂಥವುಗಳಲ್ಲಿ ಎರಡೆರಡು ಪ್ರತಿ ಉಳಿಸಿಕೊಂಡು ಮಿಕ್ಕವನ್ನು ಕಟ್ಟಿಟ್ಟಿದ್ದೇವೆ. ಈಗ ಯಾವ ಪಠ್ಯಪುಸ್ತಕವನ್ನೂ ಮೊದಲ ವರ್ಷವೇ ನಲವತ್ತು ಪ್ರತಿ ಕೊಳ್ಳುವುದಿಲ್ಲ. ಹತ್ತು ತರಿಸುತ್ತೇವೆ, ಕಾಯ್ದಿರಿಸಿದವರ ಸಾಲು ಎಷ್ಟು ಉದ್ದವಾಗುತ್ತದೆಂದು ಒಂದು ತಿಂಗಳು ನೋಡಿ ಮುಂದಿನದನ್ನು ನಿರ್ಧರಿಸುತ್ತೇವೆ.

ಕೊಳ್ಳುವಾಗ ಎರವಲಿನ ಲೆಕ್ಕ ನಿಜಕ್ಕೂ ಕೈಹಿಡಿಯುತ್ತದೆ. ಮೊದಲು ಅನುದಾನವನ್ನು ವಿಭಾಗಗಳಿಗೆ ಸಮನಾಗಿ ಹಂಚುತ್ತಿದ್ದೆವು. ಈಗ ಒಂದು ವಿಷಯದ ಪುಸ್ತಕಗಳು ಒಟ್ಟು ಸಂಗ್ರಹದಲ್ಲಿ ಎಷ್ಟು ಪಾಲು, ಒಟ್ಟು ಬಳಕೆಯಲ್ಲಿ ಎಷ್ಟು ಪಾಲು ಎಂದು ಎರಡನ್ನೂ ಅಳೆಯುತ್ತೇನೆ. ಸಂಗ್ರಹದಲ್ಲಿ ಹತ್ತರಲ್ಲಿ ಒಂದು ಪಾಲಿದ್ದು ಬಳಕೆಯಲ್ಲಿ ಹತ್ತರಲ್ಲಿ ಮೂರು ಪಾಲಾದರೆ ಅಲ್ಲಿ ಹಸಿವಿದೆ ಎಂದರ್ಥ. ತಿರುಗುಮುರುಗಾದರೆ? ಇಲ್ಲಿಯೇ ಎಡವುವುದು. ಎರವಲಿನ ಬಹುಪಾಲು ಸಂಗ್ರಹದ ಸಣ್ಣ ಭಾಗದಿಂದಲೇ ಬರುತ್ತದೆ. ಟ್ರೂಸ್ವೆಲ್ ಎಂಬ ಅಮೆರಿಕದ ವಿದ್ವಾಂಸರು 1969ರಲ್ಲಿಯೇ ಇದಕ್ಕೆ ಎಂಬತ್ತು-ಇಪ್ಪತ್ತರ ನಿಯಮ ಎಂದು ಹೆಸರಿಟ್ಟರು. ಹೆಚ್ಚು ಎರವಲು ಹೋಗುವ ಆ ಶೇ ಇಪ್ಪತ್ತರ ಭಾಗಕ್ಕೇ ಹಣ ಸುರಿಯುತ್ತ ಹೋದರೆ ಮಿಕ್ಕ ವಿಷಯಗಳಲ್ಲಿ ಹೊಸ ಪುಸ್ತಕ ಬರುವುದಿಲ್ಲ, ಹೊಸದು ಬಾರದ್ದರಿಂದ ಯಾರೂ ಒಯ್ಯುವುದಿಲ್ಲ, ಒಯ್ಯದ್ದರಿಂದ ಮುಂದಿನ ವರ್ಷವೂ ಹಣ ಸಿಗುವುದಿಲ್ಲ. ನಮ್ಮಲ್ಲಿ ಸಸ್ಯಶಾಸ್ತ್ರದ ಕಪಾಟು ಹೀಗೆಯೇ ಒಣಗಿತ್ತು. ಪಶ್ಚಿಮ ಘಟ್ಟದ ಮಡಿಲಲ್ಲಿರುವ ಊರಿನ ಮಕ್ಕಳಿಗೆ ಗಿಡಮರಗಳಲ್ಲಿ ಆಸಕ್ತಿಯಿಲ್ಲ ಎಂದು ಆ ಅಂಕಿ ಹೇಳುತ್ತಿತ್ತು. ನಾನು ನಂಬಲಿಲ್ಲ. ಬಣ್ಣದ ಚಿತ್ರಗಳಿರುವ ಆರು ಹೊಸ ಪುಸ್ತಕಗಳನ್ನು ತರಿಸಿ ಬಾಗಿಲ ಬಳಿಯ ಮೇಜಿನ ಮೇಲಿಟ್ಟೆವು. ಒಂದು ವಾರದೊಳಗೆ ಆರೂ ಹೊರಗೆ ಹೋದವು.

ಇನ್ನೊಂದು ಕೊರತೆಯನ್ನು ಯಾವ ತಂತ್ರಾಂಶವೂ ತುಂಬಿಕೊಡಲಾರದು. ನಮ್ಮಲ್ಲಿ ಇಲ್ಲದ ಪುಸ್ತಕವನ್ನು ಯಾರೋ ಕೇಳುತ್ತಾರೆ, ಇಲ್ಲ ಎನ್ನುತ್ತೇವೆ, ಅವರು ಹೊರಟುಹೋಗುತ್ತಾರೆ. ಎರವಲಿನ ಲೆಕ್ಕದಲ್ಲಿ ಅವರ ಗುರುತೇ ಉಳಿಯುವುದಿಲ್ಲ. ಅದಕ್ಕೆಂದು ಇನ್ನೂರು ಪುಟದ ಒಂದು ನೋಟ್ ಪುಸ್ತಕ ಇಟ್ಟಿದ್ದೇನೆ. ಮೇಲೆ 'ಕೇಳಿದರು, ಇರಲಿಲ್ಲ' ಎಂದು ಬರೆದಿದೆ. ದಿನಾಂಕ, ಕೇಳಿದ್ದು ಏನು, ಅಷ್ಟೇ. 'ಜೇನು ಸಾಕಣೆ, ಕನ್ನಡದಲ್ಲಿ.' 'ತಾಯಿಗೆ ಓದಿ ಹೇಳಲು ಸಕ್ಕರೆ ಕಾಯಿಲೆಯ ಬಗ್ಗೆ ದೊಡ್ಡ ಅಕ್ಷರದ ಪುಸ್ತಕ.' 'ಹೊಲಿಗೆ.' ವರ್ಷದ ಕೊನೆಗೆ ಖರೀದಿ ಪಟ್ಟಿ ಮಾಡಲು ಕುಳಿತಾಗ ಮೊದಲು ತೆರೆಯುವುದು ಇದನ್ನೇ.

ಈ ನೋಟ್ ಪುಸ್ತಕದಲ್ಲಿ ಕೇಳಿದವರ ಹೆಸರು ಬರೆಯುವುದಿಲ್ಲ. ಹಳೆಯ ಪುಸ್ತಕದ ಕಾರ್ಡುಗಳಲ್ಲಿ ಒಯ್ದವರ ಕ್ರಮಸಂಖ್ಯೆ ಇರುತ್ತಿತ್ತು, ಯಾರು ಬೇಕಾದರೂ ನೋಡಬಹುದಿತ್ತು. ಕೆಲವು ವರ್ಷಗಳ ಹಿಂದೆ ಒಬ್ಬರು ಬಂದು ತಮ್ಮ ಮನೆಯ ಹುಡುಗಿ ಯಾವ ಯಾವ ಪುಸ್ತಕ ಒಯ್ಯುತ್ತಾಳೆಂದು ತೋರಿಸಿ ಎಂದರು. ಪರದೆಯ ಮೇಲೆ ಎರಡು ಗುಂಡಿ ಒತ್ತಿದರೆ ಸಾಕಿತ್ತು. ಆಗುವುದಿಲ್ಲ ಎಂದೆ. ಸಿಟ್ಟಿನಿಂದ ಹೋದರು. ಅವಳು ಆಗ ಓದುತ್ತಿದ್ದದ್ದು ಏನೆಂದು ಇಲ್ಲಿಯೂ ಬರೆಯುವುದಿಲ್ಲ. ಪುಸ್ತಕ ಹಿಂದಿರುಗಿದ ಮೇಲೆ ಅದನ್ನು ಯಾರು ಒಯ್ದಿದ್ದರೆಂಬ ಕೊಂಡಿಯನ್ನು ಕಡಿದುಹಾಕುವ ವ್ಯವಸ್ಥೆ ಕೋಹಾದಲ್ಲಿದೆ. ಮರುದಿನವೇ ಅದನ್ನು ಚಾಲನೆಗೆ ತಂದೆ. ಸಂಗ್ರಹ ನಿರ್ವಹಿಸಲು ನನಗೆ ಬೇಕಿರುವುದು ಪುಸ್ತಕ ಎಷ್ಟು ಸಲ ಹೋಯಿತೆಂಬುದು, ಯಾರ ಚೀಲದಲ್ಲಿ ಹೋಯಿತೆಂಬುದಲ್ಲ.

ಹೆಸರು ಕೆಟ್ಟ ಪುಸ್ತಕಗಳ ದಾಖಲೆಗಳನ್ನು ಯೂನಿಕೋಡ್ ಕನ್ನಡದಲ್ಲಿ ಮತ್ತೆ ಬರೆಯುವ ಕೆಲಸ ಇನ್ನೂ ನಡೆದಿದೆ. ಪರಿವರ್ತಕ ತಂತ್ರಾಂಶಗಳಿವೆ, ಆದರೆ ಒತ್ತಕ್ಷರಗಳಲ್ಲಿ ಎಡವುತ್ತವೆ, ಹಾಗಾಗಿ ಪುಸ್ತಕವನ್ನು ಎದುರಿಗಿಟ್ಟುಕೊಂಡು ಓದಿ ತಿದ್ದಲೇಬೇಕು. ದಿನಕ್ಕೆ ಇಪ್ಪತ್ತು ಮುಗಿದರೆ ಒಳ್ಳೆಯ ದಿನ. ತಿದ್ದುವಾಗ ದಿನಾಂಕ ಚೀಟಿಯ ಮುದ್ರೆಗಳನ್ನೂ ಎಣಿಸಿ ಟಿಪ್ಪಣಿಯ ಜಾಗದಲ್ಲಿ ಸೇರಿಸುತ್ತಿದ್ದೇವೆ, 'ಗಣಕೀಕರಣಕ್ಕೆ ಮೊದಲು ಇಷ್ಟು ಸಲ' ಎಂದು. ಸಮಿತಿಯೂ ತನ್ನ ತೀರ್ಮಾನ ಬದಲಿಸಿತು. ಈಗ ಪಟ್ಟಿ ಮೊದಲು ಕಪಾಟಿಗೆ ಹೋಗುತ್ತದೆ, ಆಮೇಲೆ ಸಭೆಗೆ.

ಅಡಿಕೆಯ ಪುಸ್ತಕಕ್ಕೆ ಹೊಸ ಬೆನ್ನು ಹೊಲಿಸಿದೆ. ನೀಲಿ ಕಲೆಯ ಪುಟವನ್ನು ಹಾಗೆಯೇ ಬಿಟ್ಟಿದ್ದೇನೆ. ಶೀರ್ಷಿಕೆ ತಿದ್ದಿದ ವರ್ಷ ಜೂನ್ ಮೂರನೆಯ ವಾರದಲ್ಲಿ ಅಂತಿಮ ಬಿ.ಎ. ತರಗತಿಯ ಒಬ್ಬಳು ಅದನ್ನು ಒಯ್ದಳು. ಈಗಿನ ಪುಸ್ತಕಗಳಲ್ಲಿ ನಾವು ಚೀಟಿಗೆ ಮುದ್ರೆ ಒತ್ತುವುದಿಲ್ಲ, ಸ್ಕ್ಯಾನ್ ಮಾಡಿದರೆ ಮುಗಿಯಿತು. ಅದಕ್ಕೆ ಮಾತ್ರ ಡ್ರಾಯರಿನಿಂದ ಹಳೆಯ ಮುದ್ರೆಯನ್ನು ತೆಗೆದು, ಒಣಗಿದ್ದ ಪ್ಯಾಡಿಗೆ ಶಾಯಿ ಬಿಟ್ಟು, 2011ರ ಜುಲೈ ಮುದ್ರೆಯ ಕೆಳಗೆ ಹೊಸ ದಿನಾಂಕ ಒತ್ತಿದೆ.